ಕಣ್ಣಾರೆ ಕಂಡವಳ ಮಾತು

ಆಫೀಸಿನಲ್ಲಿ ಅವ್ವನ ಫೋನ್ ಬಂದ್ರೆ ನಾನು ಎದ್ದು ಮೆಟ್ಟಿಲ ಹತ್ರ ಹೋಗ್ತೀನಿ. ಸಿಗ್ನಲ್ ಸಿಗಲ್ಲ ಅಂತ ಅಲ್ಲ. ಅವ್ವನ ಜೊತೆ ಮಾತಾಡೋ ಕನ್ನಡ ಟೀಮಿನವರ ಕಿವಿಗೆ ಬೀಳಬಾರದು ಅನ್ನೋ ಹಳೇ ಅಭ್ಯಾಸ. "ಹ್ಞೂಂ ಯವ್ವ, ಉಂಡೆ. ನೀ ಏನ್ ಮಾಡಕತ್ತಿ? ಮಳಿ ಬಂತೇನ್ ಅಲ್ಲಿ?" ಅಂತ ಎರಡು ನಿಮಿಷ ಮಾತಾಡಿ ಸೀಟಿಗೆ ವಾಪಸ್ ಬಂದ್ರೆ, "ಈ ಬಗ್ ಯಾರು ನೋಡ್ತಿದೀರ?" ಅಂತ ಬೆಂಗಳೂರಿನ ಕನ್ನಡ. ಅದರ ಹಿಂದೇನೇ ಇಂಗ್ಲಿಷು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದ್ಸಲ ಬಾಯಿ ತಪ್ಪಿ "ಹೌದ್ರೀ, ನಿನ್ನೇನೇ ಮಾಡೀನಿ" ಅಂದುಬಿಟ್ಟಿದ್ದೆ. ಇಡೀ ಸಾಲು ನಕ್ಕಿತು. ಕೆಟ್ಟ ನಗುವೇನಲ್ಲ. "ಇನ್ನೊಂದ್ಸಲ ಹೇಳಿ, ಸಖತ್ತಾಗಿದೆ" ಅಂದ್ರು. ಮೆಟ್ಟಿಲ ಹತ್ರ ಹೋಗೋದು ಶುರುವಾಗಿದ್ದು ಆವತ್ತಿನಿಂದ.

ಆಂಜಿ ಥಾಮಸ್ ಬರೆದ 'ದ ಹೇಟ್ ಯು ಗಿವ್' ಕಾದಂಬರಿಯನ್ನ ನಾನು ಓದಲು ಶುರು ಮಾಡಿದ್ದು ಊರಿಗೆ ಹೊರಟಿದ್ದ ಒಂದು ರಾತ್ರಿ, ಉದ್ಯಾನ್ ಎಕ್ಸ್‌ಪ್ರೆಸ್ಸಿನಲ್ಲಿ. ಹದಿಹರೆಯದವರಿಗೆ ಅಂತ ಬರೆದ ಪುಸ್ತಕ, ಬೇಗ ಮುಗಿಯುತ್ತೆ, ನಿದ್ದೆ ಬರೋವರೆಗೂ ಓದೋಣ ಅಂದುಕೊಂಡಿದ್ದೆ. ಯಾದಗಿರಿಯಲ್ಲಿ ಇಳಿಯೋವರೆಗೂ ನಿದ್ದೆ ಬರಲಿಲ್ಲ.

ಕಥೆ ಅಮೆರಿಕದ್ದು. ಸ್ಟಾರ್ ಕಾರ್ಟರ್ ಹದಿನಾರು ವರ್ಷದ ಕಪ್ಪು ಹುಡುಗಿ. ಮನೆ ಇರೋದು ಗಾರ್ಡನ್ ಹೈಟ್ಸ್ ಅನ್ನೋ ಬಡವರ ಬಡಾವಣೆಯಲ್ಲಿ. ಅಪ್ಪ ಮಾವರಿಕ್ ಒಂದು ಕಾಲಕ್ಕೆ ಗ್ಯಾಂಗಿನಲ್ಲಿದ್ದು, ಮೂರು ವರ್ಷ ಜೈಲು ಕಂಡು ಬಂದು, ಈಗ ಅಲ್ಲೇ ಕಿರಾಣಿ ಅಂಗಡಿ ನಡೆಸ್ತಾನೆ. ಅವ್ವ ನರ್ಸ್. ಸ್ಟಾರ್ ಹತ್ತು ವರ್ಷದವಳಿದ್ದಾಗ ಗೆಳತಿಯೊಬ್ಬಳು ಕಣ್ಣೆದುರೇ ಗುಂಡಿಗೆ ಬಲಿಯಾಗಿದ್ದಾಳೆ. ಹಾಗಾಗಿ ಮಕ್ಕಳನ್ನ ಮುಕ್ಕಾಲು ಗಂಟೆ ದೂರದ, ಬಹುತೇಕ ಬಿಳಿಯರ ಮಕ್ಕಳೇ ಓದುವ ವಿಲಿಯಮ್ಸನ್ ಅನ್ನೋ ಖಾಸಗಿ ಶಾಲೆಗೆ ಹಾಕಿದ್ದಾರೆ. ಒಂದು ರಾತ್ರಿ ಪಾರ್ಟಿಯಲ್ಲಿ ಗುಂಡಿನ ಸದ್ದಾಗುತ್ತೆ. ಬಾಲ್ಯದ ಗೆಳೆಯ ಖಲೀಲ್ ಅವಳನ್ನ ತನ್ನ ಕಾರಿನಲ್ಲಿ ಕೂರಿಸಿಕೊಂಡು ಹೊರಡ್ತಾನೆ. ದಾರಿಯಲ್ಲಿ ಪೊಲೀಸ್ ತಡೀತಾನೆ. ಖಲೀಲನನ್ನ ಕೆಳಗಿಳಿಸಿ, ತಲಾಶ್ ಮಾಡಿ, ನಿಂತಲ್ಲೇ ನಿಲ್ಲು ಅಂತ ಹೇಳಿ ತನ್ನ ಗಾಡಿ ಕಡೆ ಹೋಗ್ತಾನೆ. ಒಳಗಿರೋ ಹುಡುಗಿ ಹೇಗಿದ್ದಾಳೆ ಅಂತ ಕೇಳೋಕೆ ಖಲೀಲ್ ಕಾರಿನ ಬಾಗಿಲು ತೆಗೀತಾನೆ. ಅಷ್ಟೇ. ಮೂರು ಗುಂಡು. ಬಾಗಿಲಲ್ಲಿದ್ದ ಹೇರ್ ಬ್ರಷ್ಷಿನ ಹಿಡಿ ಪಿಸ್ತೂಲಿನ ಹಾಗೆ ಕಂಡಿತು ಅನ್ನೋದು ಆಮೇಲೆ ಬಂದ ವಿವರಣೆ. ನಡೆದದ್ದನ್ನ ಕಣ್ಣಾರೆ ಕಂಡವಳು ಸ್ಟಾರ್ ಒಬ್ಬಳೇ.

ಮಿಸಿಸಿಪ್ಪಿಯ ಜಾಕ್ಸನ್ ಊರಿನ ಥಾಮಸ್ ಕಾಲೇಜಿನಲ್ಲಿದ್ದಾಗ ಇದನ್ನ ಸಣ್ಣ ಕಥೆಯಾಗಿ ಶುರು ಮಾಡಿದ್ದಳು. 2009ರ ಹೊಸ ವರ್ಷದ ದಿನ ಓಕ್ಲೆಂಡಿನ ರೈಲು ನಿಲ್ದಾಣವೊಂದರಲ್ಲಿ ಆಸ್ಕರ್ ಗ್ರಾಂಟ್ ಅನ್ನೋ 22ರ ನಿರಾಯುಧ ಯುವಕ ಪೊಲೀಸ್ ಗುಂಡಿಗೆ ಸತ್ತ ಸುದ್ದಿ ಅದರ ಹಿಂದಿತ್ತು. ಆಕೆಯೂ ಕಪ್ಪು ಜನರ ಬಡಾವಣೆಯಿಂದ ಬಹುತೇಕ ಬಿಳಿಯರೇ ಇದ್ದ ಕಾಲೇಜಿಗೆ ದಿನಾ ಹೋಗಿಬರ್ತಿದ್ದವಳು. ಕಾದಂಬರಿ ಬಂದಿದ್ದು 2017ರಲ್ಲಿ. ಬಂದ ಕೂಡಲೇ ನ್ಯೂಯಾರ್ಕ್ ಟೈಮ್ಸಿನ ಹದಿಹರೆಯದ ಪುಸ್ತಕಗಳ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಹೋಯ್ತು. ಮರುವರ್ಷ ಸಿನಿಮಾನೂ ಆಯ್ತು.

ರೈಲಿನಲ್ಲಿ ನನ್ನನ್ನ ಹಿಡಿದು ಕೂರಿಸಿದ್ದು ಗುಂಡು ಹಾರುವ ಅಧ್ಯಾಯ ಅಲ್ಲ, ಸ್ಟಾರ್ ಮತ್ತೆ ಶಾಲೆಗೆ ಹೋಗುವ ಅಧ್ಯಾಯ. ವಿಲಿಯಮ್ಸನ್ನಿನ ಗೇಟು ದಾಟಿದ ಕೂಡಲೇ ಅವಳು ಬೇರೆ ಸ್ಟಾರ್ ಆಗ್ತಾಳೆ. ಅಲ್ಲಿ ಬೀದಿಯ ಮಾತು ಬಳಸೋ ಹಾಗಿಲ್ಲ, ಸಿಟ್ಟು ತೋರಿಸೋ ಹಾಗಿಲ್ಲ, ಗಟ್ಟಿ ದನಿ ತೆಗೆಯೋ ಹಾಗಿಲ್ಲ. ಅವಳ ಬಡಾವಣೆಯ ಮಾತನ್ನ ಬಿಳಿ ಗೆಳತಿಯರು ಆಡಿದ್ರೆ ಅದು ಸ್ಟೈಲು. ಇವಳು ಆಡಿದ್ರೆ 'ಅಲ್ಲಿಂದ ಬಂದವಳು'. ಇದು ನಂಗೆ ಗೊತ್ತಿರೋ ಲೆಕ್ಕ. ನಮ್ಮ ಕಡೆ ಕನ್ನಡವನ್ನ ಬೆಂಗಳೂರಿನ ಹುಡುಗ ಸ್ಟೇಜ್ ಮೇಲೆ ಆಡಿದ್ರೆ ಚಪ್ಪಾಳೆ. ನಾನು ಮೀಟಿಂಗಿನಲ್ಲಿ ಆಡಿದ್ರೆ "ನಿಮ್ದು ಯಾವೂರು?"

'ಅರೇ, ಈ ಸ್ಟಾರ್ ನಾನೇ' ಅಂತ ಪೆನ್ಸಿಲಿನಿಂದ ಪುಟದ ಅಂಚಿನಲ್ಲಿ ಬರೆದೆ. ನಾಚಿಕೆ ಬಿಟ್ಟು ಹೇಳ್ತಿದೀನಿ, ನಿಜವಾಗಲೂ ಬರೆದೆ. ಹಳ್ಳಿಯಿಂದ ಬಂದು ಐಟಿ ಸೇರಿದ ನಮ್ಮಂಥವರು ಈ ಪುಸ್ತಕ ಓದಿದ್ರೆ ಬಹುಶಃ ಎಲ್ಲರೂ ಮೊದಲು ಮಾಡೋ ತಪ್ಪು ಇದೇ. ಊರಲ್ಲಿ ಒಂದು ವಾರ ಇದ್ದು ಪುಸ್ತಕವನ್ನ ಎರಡನೇ ಸಲ ಓದಿದಾಗ ಆ ಸಾಲನ್ನ ಅಳಿಸಿದೆ. ಯಾಕೆ ಅಂತ ಹೇಳೋದೇ ಈ ಬರಹ.

ಸ್ಟಾರ್‌ಗೆ ಹನ್ನೆರಡು ವರ್ಷ ಆದಾಗ ಅಪ್ಪ ಅವ್ವ ಕೂರಿಸಿಕೊಂಡು ಒಂದು ಪಾಠ ಹೇಳಿರ್ತಾರೆ: ಪೊಲೀಸ್ ತಡೆದರೆ ಕೈ ಕಾಣುವ ಹಾಗೆ ಇಟ್ಟುಕೋ, ಥಟ್ಟನೆ ಅಲುಗಾಡಬೇಡ, ಕೇಳಿದ್ದಕ್ಕೆ ಮಾತ್ರ ಮಾತಾಡು. ಅಮೆರಿಕದ ಕಪ್ಪು ಕುಟುಂಬಗಳಲ್ಲಿ ಮಕ್ಕಳಿಗೆ ಈ ಪಾಠ ಹೇಳೋದು ಕಾದಂಬರಿಕಾರ್ತಿ ಹುಟ್ಟಿಸಿದ್ದಲ್ಲ, ನಿಜವಾಗಿ ನಡೆಯೋದು. ಅಂದ್ರೆ ಅಲ್ಲಿ ದನಿ ತಗ್ಗಿಸೋದನ್ನ ಕಲಿಯೋದು ಜೀವ ಉಳಿಸಿಕೊಳ್ಳೋಕೆ. ನಾನು 'ಮಾಡೀನಿ' ಅಂದಿದ್ದಕ್ಕೆ ಜನ ನಕ್ಕರು, ಕಾಫಿ ಕುಡಿದರು, ನಾಲ್ಕು ತಿಂಗಳಿಗೆ ನಂಗೆ ಹೈಕು ಬಂತು. ನನ್ನ ಮುಜುಗರ ಸುಳ್ಳಲ್ಲ. ಆದರೆ ಅದು ಬೇರೆ ತೂಕದ್ದು. ಎರಡನ್ನೂ ಒಂದೇ ತಕ್ಕಡಿಯಲ್ಲಿಟ್ಟರೆ ಖಲೀಲನ ಸಾವು ನನ್ನ ಮುಜುಗರಕ್ಕೆ ಒಂದು ಉದಾಹರಣೆ ಆಗಿಬಿಡುತ್ತೆ.

ಎರಡು ನಾಲಗೆಯ ಈ ವಿಷಯ ಅಮೆರಿಕದ ಸಾಹಿತ್ಯಕ್ಕೆ ಹೊಸದೇನಲ್ಲ. ವರ್ಣಭೇದದ ಬಗ್ಗೆ ಅಲ್ಲಿನ ಶಾಲೆಗಳಲ್ಲಿ ಬಹಳ ಕಾಲದಿಂದ ಓದಿಸುತ್ತಾ ಬಂದಿರುವ ಕಾದಂಬರಿ ಹಾರ್ಪರ್ ಲೀಯ 'ಟು ಕಿಲ್ ಎ ಮಾಕಿಂಗ್‌ಬರ್ಡ್', 1960ರದ್ದು. ಅದರಲ್ಲಿ ಕಾಲ್ಪರ್ನಿಯಾ ಅನ್ನೋ ಕಪ್ಪು ಅಡುಗೆಯಾಕೆ ಇದ್ದಾಳೆ. ಬಿಳಿ ಯಜಮಾನರ ಮನೆಯಲ್ಲಿ ಒಂದು ಇಂಗ್ಲಿಷು, ತನ್ನ ಜನರ ಚರ್ಚಿನಲ್ಲಿ ಇನ್ನೊಂದು. ಯಜಮಾನರ ಪುಟ್ಟ ಮಗಳು ಸ್ಕೌಟ್ ಅದನ್ನ ಕೇಳಿ ಆಶ್ಚರ್ಯಪಟ್ಟು ಯಾಕೆ ಹೀಗೆ ಅಂತ ಕೇಳ್ತಾಳೆ. ಅಲ್ಲಿಗೆ ಆ ಮಾತು ಮುಗೀತು. ಕಥೆ ಹೇಳುವವಳು ಬಿಳಿ ಹುಡುಗಿ. ಕೋರ್ಟಿನಲ್ಲಿ ವಾದ ಮಾಡುವವನು ಅವಳ ಅಪ್ಪ. ಸುಳ್ಳು ಆರೋಪ ಹೊತ್ತ ಟಾಮ್ ರಾಬಿನ್ಸನ್ ಅನ್ನೋ ಕಪ್ಪು ಮನುಷ್ಯನ ಪರವಾಗಿ ಬಿಳಿ ಲಾಯರ್ ಆಡುವ ಮಾತೇ ಪುಸ್ತಕದ ಶಿಖರ. 57 ವರ್ಷ ಆದಮೇಲೆ ಥಾಮಸ್ ಮಾಡಿದ್ದು ಇಷ್ಟು: ಪಕ್ಕದಲ್ಲಿ ನಿಂತು ನೋಡಿದ್ದ ಆ ಎರಡು ನಾಲಗೆಯ ಮನುಷ್ಯಳನ್ನೇ ಕರೆತಂದು ಕಥೆ ಹೇಳೋಕೆ ಕೂರಿಸಿದಳು. ಲಾಯರ್ ಇಲ್ಲೂ ಇದ್ದಾಳೆ, ಆದ್ರೆ ಅವಳ ವಾದ ನಮಗೆ ಮುಖ್ಯ ಆಗಲ್ಲ. ಮುಖ್ಯವಾಗೋದು ಸಾಕ್ಷಿ.

ಇನ್ನು ಹೆಸರಿನ ವಿಷಯ. 'ದ ಹೇಟ್ ಯು ಗಿವ್' ಅನ್ನೋದರ ಮೊದಲ ಅಕ್ಷರಗಳನ್ನ ಸೇರಿಸಿ. ಟಿ, ಎಚ್, ಯು, ಜಿ. ಥಗ್. 1996ರಲ್ಲಿ ಗುಂಡೇಟಿಗೆ ಸತ್ತ ರ್‍ಯಾಪ್ ಹಾಡುಗಾರ ಟೂಪಾಕ್ ಶಕೂರ್ 'ಥಗ್ ಲೈಫ್' ಅಂತ ಹೊಟ್ಟೆ ಮೇಲೆ ಹಚ್ಚೆ ಹಾಕಿಸಿಕೊಂಡಿದ್ದ. ಮಕ್ಕಳ ಮೇಲೆ ನೀವು ಸುರಿಯುವ ದ್ವೇಷ ಕೊನೆಗೆ ಎಲ್ಲರನ್ನೂ ಹಾಳು ಮಾಡುತ್ತೆ ಅನ್ನೋ ಅರ್ಥ ಬರುವ ಹಾಗೆ ಆ ಅಕ್ಷರಗಳನ್ನ ಅವನು ಬಿಡಿಸಿ ಹೇಳ್ತಿದ್ದ. ಕಾದಂಬರಿಯಲ್ಲಿ ಸಾಯೋ ಸ್ವಲ್ಪ ಮುಂಚೆ ಖಲೀಲ್ ಸ್ಟಾರ್‌ಗೆ ಹೇಳೋದೂ ಇದನ್ನೇ.

ಈ ಪದ ಅಮೆರಿಕಕ್ಕೆ ಹೋಗಿದ್ದು ನಮ್ಮಲ್ಲಿಂದ. ನಮ್ಮ 'ಠಕ್ಕ', ಹಿಂದಿಯ 'ಠಗ್' ಒಂದೇ ಬೇರಿನವು. ಅದನ್ನ ಇಂಗ್ಲಿಷ್ ಓದುಗರ ಮನೆಮನೆಗೆ ಮುಟ್ಟಿಸಿದ್ದು 1839ರಲ್ಲಿ ಬಂದ 'ಕನ್ಫೆಷನ್ಸ್ ಆಫ್ ಎ ಥಗ್' ಅನ್ನೋ ಕಾದಂಬರಿ. ಬರೆದವನು ಫಿಲಿಪ್ ಮೆಡೋಸ್ ಟೇಲರ್, ಮುಂದೆ ನಮ್ಮ ಸುರಪುರಕ್ಕೇ ಆಡಳಿತ ನೋಡಿಕೊಳ್ಳೋಕೆ ಬಂದ ಅಧಿಕಾರಿ. ಸುರಪುರದ ಗುಡ್ಡದ ಮೇಲೆ ಟೇಲರ್ ಮಂಜಿಲ್ ಇವತ್ತೂ ಇದೆ. ಶಾಲೆಯಲ್ಲಿದ್ದಾಗ ನಮ್ಮನ್ನ ಅಲ್ಲಿಗೆ ಕರೆದುಕೊಂಡು ಹೋಗಿದ್ರು, ಟೇಲರ್ ಸಾಹೇಬರು ಒಳ್ಳೆಯವರು ಅಂತ ಹೇಳಿದ್ರು, ನಾವು ಗುಡ್ಡದ ಮೇಲೆ ಕೂತು ಬುತ್ತಿ ಉಂಡು ಬಂದ್ವಿ. ಆ ಸಾಹೇಬರ ಕಾದಂಬರಿಗೆ ಮೂರು ವರ್ಷ ಮುಂಚೆ, 1836ರಲ್ಲಿ, ಕಂಪನಿ ಸರ್ಕಾರ ಒಂದು ಕಾನೂನು ತಂದಿತ್ತು. ಅದರ ಪ್ರಕಾರ ಒಬ್ಬ ಯಾವ ಕೊಲೆ ಮಾಡಿದ ಅಂತ ಸಾಬೀತು ಮಾಡಬೇಕಿರಲಿಲ್ಲ. ಥಗ್ಗರ ಗುಂಪಿಗೆ ಸೇರಿದವನು ಅಂತ ತೋರಿಸಿದ್ರೆ ಸಾಕು, ಜೀವಾವಧಿ ಶಿಕ್ಷೆ.

ಈಗ ಕಾದಂಬರಿಗೆ ಬನ್ನಿ. ಖಲೀಲ್ ಸತ್ತ ಮೇಲೆ ಟಿವಿಯವರು ಕೇಳೋ ಪ್ರಶ್ನೆ ಏನು? ಅವನು ಆ ರಾತ್ರಿ ಏನು ಮಾಡಿದ ಅಂತ ಅಲ್ಲ. ಅವನು ಮಾದಕವಸ್ತು ಮಾರುತ್ತಿದ್ದನಾ, ಗ್ಯಾಂಗಿನವನಾ ಅಂತ. ಅವನು ಗ್ಯಾಂಗಿಗೆ ಸೇರಿರಲಿಲ್ಲ. ಕರೆದರೂ ಹೋಗಿರಲಿಲ್ಲ. ಮಾದಕವಸ್ತು ಮಾರುತ್ತಿದ್ದದ್ದು ನಿಜ, ಅದಕ್ಕೆ ಅವ್ವ ಮಾಡಿದ್ದ ಸಾಲ ಕಾರಣ. ಆದ್ರೆ ಅದನ್ನೆಲ್ಲ ಯಾರು ಕೇಳ್ತಾರೆ? ಏನು ಮಾಡಿದ ಅನ್ನೋದನ್ನ ಬಿಟ್ಟು ಯಾರ ಪೈಕಿ ಅನ್ನೋದನ್ನ ಹಿಡಿಯೋ ಈ ಬುದ್ಧಿಗೆ ಹೆಚ್ಚುಕಡಿಮೆ ಇನ್ನೂರು ವರ್ಷ ಆಗಿದೆ. ಪದ ಸಮುದ್ರ ದಾಟಿದಾಗ ಜೊತೆಗೆ ಅದೂ ದಾಟಿದೆ.

ಹಾಗಾದ್ರೆ ಸ್ಟಾರ್ ಮಾತಾಡಿದ್ದರಿಂದ ಏನಾಯ್ತು? ನಮ್ಮ ಆಫೀಸುಗಳಲ್ಲಿ ವರ್ಷಕ್ಕೊಮ್ಮೆ 'ನಿಮ್ಮ ದನಿ ಕಂಡುಕೊಳ್ಳಿ' ಅಂತ ತರಬೇತಿ ಇರುತ್ತಲ್ಲ, ಅದರ ಪ್ರಕಾರ ಧೈರ್ಯ ಮಾಡಿ ಮಾತಾಡಿದ್ರೆ ಒಳ್ಳೇದಾಗಬೇಕು. ಇಲ್ಲಿ ಆಗಲ್ಲ. ಸ್ಟಾರ್ ಗ್ರಾಂಡ್ ಜ್ಯೂರಿಯ ಮುಂದೆ ಸಾಕ್ಷಿ ಹೇಳ್ತಾಳೆ. ಗ್ರಾಂಡ್ ಜ್ಯೂರಿ ಅಂದ್ರೆ ತೀರ್ಪು ಕೊಡುವ ಕೋರ್ಟಲ್ಲ. ಸಾಮಾನ್ಯ ನಾಗರಿಕರ ಒಂದು ಗುಂಪು, ಮುಚ್ಚಿದ ಕೋಣೆಯಲ್ಲಿ ಸರ್ಕಾರಿ ವಕೀಲ ತಂದಿಟ್ಟದ್ದನ್ನ ನೋಡಿ, ಕೇಸು ಹಾಕಬೇಕೋ ಬೇಡವೋ ಅಂತ ಮಾತ್ರ ಹೇಳುತ್ತೆ. ಅದು ಬೇಡ ಅನ್ನುತ್ತೆ. ಆ ಪೊಲೀಸ್ ಕಟಕಟೆಗೂ ಬರಲ್ಲ. ಕಣ್ಣಾರೆ ಕಂಡವಳು ಹೇಳಿದ್ದು, ಅಳುತ್ತಾ ಹೇಳಿದ್ದು, ಊರಿಗೆ ಊರೇ ಕಾದು ಕೂತಿದ್ದು, ಎಲ್ಲ ಅಲ್ಲಿಗೆ ನಿಂತುಹೋಯ್ತು.

ನನ್ನ ಮಟ್ಟಿಗೆ ಕಾದಂಬರಿಯ ದೊಡ್ಡತನ ಇರೋದು ಇಲ್ಲಿ. ಹದಿಹರೆಯದ ಓದುಗರಿಗೆ ಸಿಹಿ ಸುಳ್ಳು ಹೇಳೋದು ಸುಲಭ ಇತ್ತು. ಥಾಮಸ್ ಹೇಳಲಿಲ್ಲ. ಮಾತಾಡಿದ್ರೆ ಗೆಲ್ತೀಯ ಅಂತ ಎಲ್ಲೂ ಮಾತು ಕೊಡಲಿಲ್ಲ. 'ಇದ್ದದ್ದು ಇದ್ದಂಗೆ ಹೇಳಿದ್ರೆ ಎದ್ದು ಬಂದು ಎದೆಗೆ ಒದ್ದರು' ಅಂತ ನಮ್ಮಲ್ಲಿ ಗಾದೆ ಇದೆಯಲ್ಲ, ಸ್ಟಾರ್‌ಗೆ ಆಗೋದು ಅದೇ. ಸಾಕ್ಷಿ ಹೇಳುವ ಮುಂಚೆಯೇ ಬಡಾವಣೆಯ ಗ್ಯಾಂಗಿನ ಮುಖ್ಯಸ್ಥ ಕಿಂಗ್ ಬೆದರಿಸ್ತಾನೆ, ಮನೆಗೆ ಗುಂಡು ಬೀಳುತ್ತೆ. ಆಮೇಲೆ ಅಂಗಡಿ ಸುಡುತ್ತೆ. ಆದರೂ ಹೇಳ್ತಾಳೆ. ಯಾಕೆ ಅಂದ್ರೆ ಅವಳು ಹೇಳದಿದ್ರೆ ಖಲೀಲನ ಬಗ್ಗೆ ಉಳಿಯೋದು ಆ ಪೊಲೀಸಿನ ಕಡೆಯವರು ಟಿವಿಯಲ್ಲಿ ಹೇಳಿದ ಕಥೆ ಒಂದೇ. ಸತ್ತವನಿಗೆ ಸಲ್ಲಬೇಕಾದ್ದನ್ನ ಸಲ್ಲಿಸೋದು. ಅಷ್ಟೇ ಅವಳ ಕೈಲಿರೋದು, ಅಷ್ಟನ್ನ ಮಾಡ್ತಾಳೆ.

ಕುಂದುಗಳೂ ಇವೆ. ಕಿಂಗ್ ಕಥೆಗೆ ಬಹಳ ಅನುಕೂಲವಾದ ಖಳನಾಯಕ. ಕೊನೆಗೆ ನೆರೆಹೊರೆಯವರು ಹೆದರಿಕೆ ಬಿಟ್ಟು ಅವನ ವಿರುದ್ಧ ಸಾಕ್ಷಿ ಹೇಳ್ತಾರೆ. ಚೆನ್ನಾಗಿದೆ. ಆದರೆ ಅವನಿಗೆ ಬೇಡಿ ಹಾಕೋಕೆ ಬರೋದು ಅದೇ ಪೊಲೀಸರು. ಇನ್ನೂರು ಪುಟದಿಂದ ಓದುಗನೊಳಗೆ ಕುದಿಯುತ್ತಿದ್ದ ಸಿಟ್ಟು ಕಿಂಗ್ ಬಂಧನದ ಹೊತ್ತಿಗೆ ಆರಿಬಿಡುತ್ತೆ, ಖಲೀಲನನ್ನ ಕೊಂದವನು ಆರಾಮಾಗಿ ಮನೆಯಲ್ಲಿರೋದು ಒಂದು ಕ್ಷಣ ಮರೆತುಹೋಗುತ್ತೆ.

ಎರಡನೆಯದು ಹೇಲಿ, ಸ್ಟಾರ್‌ಳ ಬಿಳಿ ಗೆಳತಿ. 1955ರಲ್ಲಿ ಮಿಸಿಸಿಪ್ಪಿಯಲ್ಲಿ ಬಿಳಿಯರು ಕೊಂದ ಹದಿನಾಲ್ಕರ ಬಾಲಕ ಎಮೆಟ್ ಟಿಲ್‌ನ ಫೋಟೋವನ್ನ ಸ್ಟಾರ್ ಹಾಕಿದಳು ಅಂತ ಹೇಲಿ ಅವಳ ಪೇಜನ್ನ ಸದ್ದಿಲ್ಲದೆ ಅನ್‌ಫಾಲೋ ಮಾಡಿರ್ತಾಳೆ. ಎಷ್ಟು ಸಣ್ಣ ಕೆಲಸ, ಎಷ್ಟು ನಿಜ! ಇಲ್ಲಿವರೆಗೂ ಹೇಲಿ ನಮಗೆ ಗೊತ್ತಿರೋ ಹುಡುಗಿ. ಆಮೇಲೆ ಕಾದಂಬರಿ ಅವಳನ್ನ ಕೆಟ್ಟವಳು ಮಾಡುತ್ತಾ ಹೋಗುತ್ತೆ. ಅವಳ ಬಾಯಲ್ಲಿ ಎಂಥ ಮಾತುಗಳು ಬರ್ತವೆ ಅಂದ್ರೆ ಓದುಗ 'ಛೇ, ನಾನಂತೂ ಇಂಥವನಲ್ಲ' ಅಂತ ಹಾಯಾಗಿ ಪುಟ ತಿರುಗಿಸಬಹುದು. ಮೂವರಲ್ಲಿ ನನ್ನ ನಿದ್ದೆ ಕೆಡಿಸಿದವಳು ಮಾಯಾ, ಚೀನಿ ಮೂಲದ ಹುಡುಗಿ. ಹೇಲಿ ಇವಳ ಮನೆಯವರ ಊಟದ ಬಗ್ಗೆ ಅಸಹ್ಯದ ಜೋಕ್ ಮಾಡಿದಾಗ ಇವಳೂ ನಕ್ಕಿದ್ದಾಳೆ, ಸ್ಟಾರ್ ಕೂಡ ನಕ್ಕಿದ್ದಾಳೆ. ಮೂವರೂ ಗೆಳತಿಯರಾಗಿ ಉಳಿಯಬೇಕಲ್ಲ, ಅದಕ್ಕೆ. ಥಾಮಸ್ ಈ ನಗುವಿನ ಬಗ್ಗೆ ಇನ್ನೂ ಇಪ್ಪತ್ತು ಪುಟ ಬರೀಬೇಕಿತ್ತು. ಬಹುಪಾಲು ಓದುಗರು ನಿಂತಿರೋದು ಅಲ್ಲಿ, ನಗುತ್ತಾ.

ನಾನೂ ಅಲ್ಲೇ ನಿಂತಿದ್ದೆ, ಏಳನೇ ಕ್ಲಾಸಿನಲ್ಲಿ. ಆದ್ರೆ ನಾನು ನಕ್ಕಿರಲಿಲ್ಲ, ಸುಮ್ಮನಿದ್ದೆ.

ನಮ್ಮ ಮನೆ ಊರೊಳಗೆ, ಅವನದು ಕೇರಿಯಲ್ಲಿ. ಒಂದೇ ಬೆಂಚಿನವರು ಅಂತ ಹೇಳೋ ಹಾಗಿಲ್ಲ, ಅವನು ಕೂರುತ್ತಿದ್ದದ್ದು ಹಿಂದಿನ ಸಾಲಿನಲ್ಲಿ. ಆದ್ರೆ ಹಳ್ಳದಲ್ಲಿ ಈಜೋಕೆ ಜೊತೆಯಾಗಿ ಹೋಗ್ತಿದ್ವಿ. ಒಂದು ದಿನ ಕ್ಲಾಸಿನಲ್ಲಿ ಒಬ್ಬನ ಹೊಸ ಕಂಪಾಸ್ ಬಾಕ್ಸ್ ಕಳೀತು. ಮಾಸ್ತರು ಯಾರನ್ನೂ ಏನೂ ಕೇಳಲಿಲ್ಲ. ನೇರ ಹಿಂದಿನ ಸಾಲಿಗೆ ಹೋಗಿ ಅವನ ಚೀಲ ಕೊಡವಿದರು. ಏನೂ ಸಿಗಲಿಲ್ಲ. ಎಲ್ಲಿಟ್ಟೀಯ ಅಂತ ಹೊಡೆದರು. ಕಂಪಾಸ್ ಬಾಕ್ಸ್ ಇದ್ದದ್ದು ನಮ್ಮ ಕಾಕಾನ ಮಗನ ಚೀಲದಲ್ಲಿ. ಅವನು ತಗೊಂಡಿದ್ದನ್ನ ನಾನು ನೋಡಿದ್ದೆ. ನನ್ನ ಪಕ್ಕದಲ್ಲೇ ಕೂತಿದ್ದ. ಹೊಡೆತ ತಿನ್ನುವಾಗ ಆ ಹುಡುಗ ಒಂದು ಸಲ ನನ್ನ ಕಡೆ ನೋಡಿದ. ನಂಗೆ ಗೊತ್ತು ಅಂತ ಅವನಿಗೆ ಗೊತ್ತಿತ್ತೋ ಇಲ್ಲವೋ, ಇವತ್ತಿಗೂ ನಂಗೆ ತಿಳಿದಿಲ್ಲ. ಸಂಜೆ ಮನೆಯಲ್ಲಿ ಯಾವಾಗಿನ ಹಾಗೆ ಉಂಡು ಮಲಗಿದೆ. ಆ ಬೇಸಿಗೆಗೆ ಅವರ ಮನೆಯವರು ಗುಳೆ ಹೋದರು. ಅವನೂ ಹೋದ. ಮತ್ತೆ ಶಾಲೆಗೆ ಬರಲಿಲ್ಲ.

ಶಾಲೆ ಬಿಡೋಕೆ ಬಡತನವೂ ಕಾರಣ ಇರಬಹುದು, ಹೊಡೆತ ಒಂದೇ ಅಂತ ಹೇಳಲ್ಲ. ಜಾತಿ ಬೇರೆ, ಜನಾಂಗ ಬೇರೆ, ನಮ್ಮ ಮಾಸ್ತರ ಕೋಲು ಬೇರೆ, ಅಮೆರಿಕದ ಪೊಲೀಸನ ಪಿಸ್ತೂಲು ಬೇರೆ. ಆದ್ರೆ ಇವನ್ನ ಪಕ್ಕಪಕ್ಕ ಇಟ್ಟು ನೋಡಿದವರು ನನಗಿಂತ ಮುಂಚೆಯೇ ಇದ್ದಾರೆ. ಕಾದಂಬರಿಯಲ್ಲಿ ಮಾವರಿಕ್ ತನ್ನ ಮಕ್ಕಳಿಗೆ ಬ್ಲ್ಯಾಕ್ ಪ್ಯಾಂಥರ್ಸ್ ಪಕ್ಷದ ಹತ್ತು ಅಂಶಗಳನ್ನ ಬಾಯಿಪಾಠ ಮಾಡಿಸಿರ್ತಾನೆ. ಅದೇ ಪ್ಯಾಂಥರ್ಸ್ ಹೆಸರನ್ನ ಇಟ್ಟುಕೊಂಡು 1972ರಲ್ಲಿ ಮುಂಬೈಯಲ್ಲಿ ದಲಿತ ಪ್ಯಾಂಥರ್ಸ್ ಹುಟ್ಟಿತು. ಹಾಗಾಗಿ ಈ ಹೋಲಿಕೆ ನಾನು ಎಳೆದು ತಂದದ್ದಲ್ಲ. ನನಗೆ ಹೊಸದಾಗಿ ತಿಳಿದಿದ್ದು ಒಂದೇ, ಈ ಕಥೆಯಲ್ಲಿ ನಾನು ಎಲ್ಲಿದ್ದೆ ಅನ್ನೋದು. ಪುಟದ ಅಂಚಿನ ಸಾಲು ಅಳಿಸಿದ್ದು ಅದಕ್ಕೇ. ಸ್ಟಾರ್ ಕಂಡಿದ್ದನ್ನ ಹೇಳಿದಳು. ನಾನು ಕಂಡಿದ್ದನ್ನ ಹೇಳಲಿಲ್ಲ. ಅವಳಿಗೆ ಜೀವಭಯ ಇತ್ತು. ನಂಗೆ ಇದ್ದದ್ದು ಕಾಕಾ ಬೈತಾರೆ ಅನ್ನೋ ಭಯ.

ಈ ಪುಸ್ತಕವನ್ನ ಅಮೆರಿಕದ ಕೆಲವು ಶಾಲೆಗಳು ಕಪಾಟಿನಿಂದ ತೆಗೆಸಿವೆ. ಅಲ್ಲಿನ ಗ್ರಂಥಾಲಯ ಸಂಘ ಪ್ರತಿವರ್ಷ ಪ್ರಕಟಿಸುವ, ಅತಿ ಹೆಚ್ಚು ಆಕ್ಷೇಪಕ್ಕೆ ಗುರಿಯಾದ ಪುಸ್ತಕಗಳ ಪಟ್ಟಿಯಲ್ಲಿ ಇದು ಹಲವು ಸಲ ಬಂದಿದೆ. 2018ರಲ್ಲಿ ದಕ್ಷಿಣ ಕೆರೊಲಿನಾದ ಒಂದು ಹೈಸ್ಕೂಲು ರಜೆಯ ಓದಿನ ಪಟ್ಟಿಗೆ ಸೇರಿಸಿದಾಗ ಅಲ್ಲಿನ ಪೊಲೀಸರ ಸಂಘವೇ ತಕರಾರು ತೆಗೆಯಿತು. ಹೊಲಸು ಮಾತಿದೆ, ಪೊಲೀಸರ ಮೇಲೆ ಅಪನಂಬಿಕೆ ಹುಟ್ಟಿಸುತ್ತೆ ಅನ್ನೋದು ಸಾಮಾನ್ಯ ದೂರು. ಹೊಲಸು ಮಾತು ಇದೆ, ಸುಳ್ಳಲ್ಲ. ಪೊಲೀಸರ ಬಗ್ಗೆ ಹೇಳೋದಾದ್ರೆ, ಸ್ಟಾರ್‌ನ ಕಾರ್ಲೋಸ್ ಮಾವನೇ ಪೊಲೀಸ್. ಅಪ್ಪ ಜೈಲಿನಲ್ಲಿದ್ದಾಗ ಅವಳಿಗೆ ಅಪ್ಪನಂತೆ ಇದ್ದವನು. ಖಲೀಲನನ್ನ ಕೊಂದವನ ಸಹೋದ್ಯೋಗಿ ಬೇರೆ. ಕಾದಂಬರಿಯ ಅತ್ಯಂತ ಕಷ್ಟದ ಮಾತುಗಳು ನಡೆಯೋದು ಈ ಮಾವ ಮತ್ತು ಸೊಸೆಯ ಮಧ್ಯೆ. ಅವುಗಳನ್ನ ಓದಿದವರು ಆ ದೂರು ಹೇಳೋದು ಕಷ್ಟ.

ಕನ್ನಡಕ್ಕೆ ಇದನ್ನ ಯಾರಾದ್ರೂ ತರಬೇಕು. ತರುವವರಿಗೆ ಒಂದೇ ಕೋರಿಕೆ: ದಯವಿಟ್ಟು ಇಡೀ ಪುಸ್ತಕವನ್ನ ಪತ್ರಿಕೆಯ ಕನ್ನಡದಲ್ಲಿ ತರಬೇಡಿ. ಸ್ಟಾರ್‌ಗೆ ಎರಡು ಕನ್ನಡ ಬೇಕೇ ಬೇಕು. ಒಂದೇ ಕನ್ನಡ ಕೊಟ್ಟರೆ ಅವಳ ಅರ್ಧ ಕಥೆ ಹೋಯ್ತು.

ಅವನು ಈಗ ಊರಿಗೆ ವಾಪಸ್ ಬಂದಿದ್ದಾನೆ. ಬೆಂಗಳೂರಿನಲ್ಲಿ ಹತ್ತು ವರ್ಷ ಸೆಂಟ್ರಿಂಗ್ ಕೆಲಸ ಮಾಡಿ, ಈಗ ಸ್ವಂತ ಟಂಟಂ ಓಡಿಸ್ತಾನೆ. ಹೋದ ವರ್ಷ ಜಾತ್ರೆಯಲ್ಲಿ ಸಿಕ್ಕಿದ್ದ. ಚಹಾ ಕುಡಿದ್ವಿ. ಪಗಾರ ಎಷ್ಟು ಅಂತ ಕೇಳಿದ, ಮಕ್ಕಳ ಹೆಸರು ಕೇಳಿದ, ಚಹಾದ ರೊಕ್ಕ ಅವನೇ ಕೊಟ್ಟ. ಕಂಪಾಸ್ ಬಾಕ್ಸಿನ ಮಾತು ನನ್ನ ಗಂಟಲಿನವರೆಗೆ ಬಂತು, ಹೊರಗೆ ಬರಲಿಲ್ಲ. ಇಲ್ಲಿ ನಿಮ್ಮ ಮುಂದೆ ಬರೆದಿದ್ದು ಸಾಕ್ಷಿ ಆಗಲ್ಲ, ನಂಗೆ ಗೊತ್ತು. ನೀವ್ಯಾರೂ ಆ ಕ್ಲಾಸಿನಲ್ಲಿ ಇರಲಿಲ್ಲ. ಹೇಳಬೇಕಾಗಿರೋದು ಅವನ ಮುಂದೆ, ಕಾಕಾನ ಮಗನೂ ಇರುವಾಗ. ದೀಪಾವಳಿಗೆ ಊರಿಗೆ ಹೋಗ್ತಿದೀನಿ, ಟಿಕೆಟ್ ಆಗಿದೆ. ಅಲ್ಲಿ ಯಾವ ಕನ್ನಡದಲ್ಲಿ ಮಾತಾಡಬೇಕು ಅನ್ನೋ ಚಿಂತೆ ಇಲ್ಲ.